ಪಟ್ಟೆ ಮೀನಿನ ಇನ್ನೊಂದು ಹೆಸರು

ಭಾನುವಾರ ಮಧ್ಯಾಹ್ನ,
ನೀರು ಇಳಿದ ಹೊತ್ತು

ನನ್ನ ಮೊದ್ದುಮಣಿಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ, ಗಾಬರಿಯಾಗಬೇಡ. ಉತ್ತರ ತಡವಾಯಿತು. ನೀನು ದಿನಾ ಬಾಗಿಲಿಗೆ ಬಂದು ಅಂಚೆಯವನ ಪ್ರಾಣ ತಿಂದಿರುತ್ತೀಯ. ಪಾಪ, ಅವನದೇನೂ ತಪ್ಪಿಲ್ಲ. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಗೆದಿಟ್ಟ ಬಟ್ಟೆಯನ್ನೇ ಇನ್ನೊಂದು ಸಲ ಒಗೆದೆ ಎಂದರೆ ನನ್ನ ಸ್ಥಿತಿ ನಿನಗೆ ತಿಳಿದೀತು.

ನೀನು ಫೋನ್ ಮಾಡದೆ ಪತ್ರ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಾದರೆ ನೀನು ತಕ್ಷಣ ಹೂಂ ಅಂದುಬಿಡುತ್ತೀಯ ಅಕ್ಕಾ, ಯೋಚಿಸಿ ಹೇಳು ಎಂದಿದ್ದೀಯ. ಅಷ್ಟರ ಮಟ್ಟಿಗೆ ನೀನು ಜಾಣೆಯಾಗಿದ್ದೀಯ.

ನಿನ್ನ ಪತ್ರ ಕೈಗೆ ಬಂದದ್ದು ಕಚೇರಿಯಲ್ಲಿ. ಮೀನು ಎಣಿಸಲು ದೋಣಿ ಹೊರಡುವ ಹೊತ್ತಾಗಿತ್ತು. ನಿಂತುಕೊಂಡೇ ಓದಿದೆ. ರಜೆ ಶುರುವಾದ ಮೇಲೆ ಬಂದು ಚಿನಕುರುಳಿಯನ್ನು ಕರೆದುಕೊಂಡು ಹೋಗುತ್ತೇನೆ, ಇನ್ನು ಮೇಲೆ ನನ್ನ ಜೊತೆಯೇ ಇರಲಿ ಎಂದು ನೀನು ಬರೆದಿದ್ದೆ. ಹೊಲಿಗೆ ಅಂಗಡಿಯ ಕೆಲಸ ಗಟ್ಟಿಯಾಗಿದೆ, ಡಾಕ್ಟರು ಮಾತ್ರೆ ನಿಲ್ಲಿಸಿದ್ದಾರೆ, ಬಾಡಿಗೆಗೆ ಎರಡು ಕೋಣೆ ಸಿಕ್ಕಿದೆ, ಶಾಲೆ ಹತ್ತಿರದಲ್ಲೇ ಇದೆ. ಎಲ್ಲವನ್ನೂ ಅಂಗಿಗೆ ಗುಂಡಿ ಹೊಲಿದ ಹಾಗೆ ನೀಟಾಗಿ ಜೋಡಿಸಿದ್ದೆ. ಕೊನೆಯಲ್ಲಿ, ನೀನು ಬೇಡ ಅಂದರೆ ಇನ್ನೊಂದು ಸಲ ಕೇಳುವುದಿಲ್ಲ ಎಂದಿದ್ದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಅವಳು ನನ್ನನ್ನು ಈಗಿನ ಹಾಗೆ ಚಿಕ್ಕಮ್ಮ ಎಂದೇ ಕರೆಯಲಿ, ಅಮ್ಮ ಅನ್ನುವುದು ನಿನಗೇ ಇರಲಿ ಎಂದೂ ಬರೆದಿದ್ದೆ.

ಓದಿ ಅತ್ತುಬಿಟ್ಟೆ ಎಂದು ಬರೆದರೆ ನಿನಗೂ ಸಮಾಧಾನ, ನನಗೂ ಮರ್ಯಾದೆ. ಆದರೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಪತ್ರವನ್ನು ಮಡಚಿ, ಪೆನ್ನು ಸ್ಕೇಲು ಇಡುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದೋಣಿ ಹತ್ತಿದೆ. ಅವತ್ತು ಬಲೆಯಲ್ಲಿ ಒಂದು ಮೀಸೆಮೀನು ಸಿಕ್ಕಿತ್ತು. ಅದರ ರೆಕ್ಕೆಯ ಬುಡದಲ್ಲಿ ಮುಳ್ಳಿರುತ್ತದೆ, ಚುಚ್ಚಿದರೆ ದೊಡ್ಡ ಗಂಡಸರೂ ಸಂಜೆಯ ತನಕ ಕುಣಿಯುತ್ತಾರೆ. ನಾನು ಅದನ್ನು ಬಿಡಿಸಿ, ಅಳತೆ ಮಾಡಿ, ನೀರಿಗೆ ಬಿಟ್ಟು, ಮುಂದಿನ ಮೀನಿಗೆ ಕೈಹಾಕಿದ್ದೆ. ದೋಣಿ ನಡೆಸುವವರು, ಚಿನಕುರುಳಿಯ ಬಾಯಲ್ಲಿ ದೋಣಿಮಾವ, "ಅಯ್ಯೋ, ಕೈ ನೋಡ್ಕೊಳ್ರೀ, ರಕ್ತ ಸೋರ್ತಾ ಇದೆ" ಎಂದು ಕೂಗಿದಾಗಲೇ ನೋಡಿದ್ದು. ಮುಳ್ಳು ಅಂಗೈಯಲ್ಲೇ ಮುರಿದು ಕೂತಿತ್ತು. ಅವರು ಫ್ಲಾಸ್ಕಿನ ಬಿಸಿನೀರಿನಲ್ಲಿ ನನ್ನ ಕೈ ಅದ್ದಿ, "ನೀವೇನು ಮನುಷ್ಯರಾ ಕಲ್ಲಾ?" ಎಂದು ಬೈದರು. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಅದೇ ಜೋಮು ಮೈಗೆಲ್ಲ ಹಿಡಿದಂತಿತ್ತು. ಇವತ್ತಿಗೂ ಬಿಟ್ಟಿಲ್ಲ.

ಆ ಜೋಮಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಮಾತು ಒರಟಾದರೆ ಹೊಟ್ಟೆಗೆ ಹಾಕಿಕೋ.

ಚಿನಕುರುಳಿ ನನ್ನ ಕೈಗೆ ಬಂದ ದಿನ ನಿನಗೆ ನೆನಪಿರಲಾರದು. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಮಗು ಅತ್ತರೆ ನಿನಗೆ ಕೇಳಿಸುತ್ತಲೇ ಇರಲಿಲ್ಲ. ನಿನ್ನ ಗಂಡನೆನಿಸಿಕೊಂಡವನು ಆಗಲೇ ಜಾಗ ಖಾಲಿ ಮಾಡಿದ್ದ. ಬಾಣಂತಿಗೆ ಒಮ್ಮೊಮ್ಮೆ ಮನಸ್ಸಿನ ಕಾಯಿಲೆ ಹೀಗೂ ಬರುತ್ತದೆ, ಗುಣವಾಗುತ್ತದೆ, ಆದರೆ ಸಮಯ ಬೇಕು ಎಂದು ಡಾಕ್ಟರು ಹೇಳಿದರು. ಸ್ವಲ್ಪ ದಿನ ನನ್ನ ಹತ್ತಿರ ಇರಲಿ ಎಂದು ನಾನೇ ಎತ್ತಿಕೊಂಡು ಬಂದೆ. ಆ ಸ್ವಲ್ಪ ದಿನ ಬೆಳೆದು ಈಗ ಎರಡನೇ ಕ್ಲಾಸಿಗೆ ಹೋಗುತ್ತಿದೆ. ಅಮ್ಮ ಎನ್ನುವುದನ್ನು ನಾನು ಹೇಳಿಕೊಡಲಿಲ್ಲ. ಎದುರಿಗೆ ಇದ್ದವಳನ್ನು ಮಗು ಹಾಗೆ ಕರೆಯಿತು, ನಾನು ತಿರುಗಿ ನೋಡಿದೆ, ಅಷ್ಟೇ. ನೀನು ಚೇತರಿಸಿಕೊಂಡು ನೋಡಲು ಬಂದಾಗ ಚಿಕ್ಕಮ್ಮನಾದೆ. ಪ್ರತಿ ಸಲ ಒಂದು ಫ್ರಾಕ್ ಹೊಲಿದು ತರುತ್ತಿದ್ದೆ, ಪ್ರತಿ ಸಲವೂ ಅದು ಚಿಕ್ಕದಾಗುತ್ತಿತ್ತು. ಇಷ್ಟು ಒಳ್ಳೆಯ ದರ್ಜಿಗೆ ಸ್ವಂತ ಮಗಳ ಅಳತೆ ಗೊತ್ತಾಗುವುದಿಲ್ಲವಲ್ಲ ಎಂದು ನಾನು ನಗುತ್ತಿದ್ದೆ. ನೀನು ಹೋದಮೇಲೆ ನಗು ಬರುತ್ತಿರಲಿಲ್ಲ.

ನೀನು ಕೇಳಿದ್ದೇನು, ಇವಳು ಹೇಳುತ್ತಿರುವುದೇನು ಅನ್ನುತ್ತೀಯ. ಸ್ವಲ್ಪ ತಡೆದುಕೋ. ನನ್ನ ಕೆಲಸದ ಸುದ್ದಿ ಹೇಳದೆ ಉತ್ತರ ಹೇಳಲು ನನಗೆ ಬರುತ್ತಿಲ್ಲ.

ಈ ಉಪ್ಪುನೀರಿನ ಕಾಂಡ್ಲಾ ಕಾಡು ನೀನು ನೋಡಿದ್ದೇ. ಕೆಸರಿನಿಂದ ಬೇರುಗಳು ಮೇಲೆದ್ದು ನಿಂತಿವೆ, ಒಳಗೆಲ್ಲ ಕಾಲುವೆಗಳು. ನೀನು ಒಂದು ಸಲ ಚಪ್ಪಲಿ ಕಳೆದುಕೊಂಡು ಅತ್ತಿದ್ದೆಯಲ್ಲ, ಅದೇ ಜಾಗ. ರಕ್ಷಿತ ಪ್ರದೇಶವಾದ್ದರಿಂದ ಮೀನು ಹಿಡಿಯುವವರು ಒಳಗೆ ಬರುವಂತಿಲ್ಲ, ಮೀನು ಎಣಿಸುವವರು ಹೊರಗೆ ಹೋಗುವಂತಿಲ್ಲ. ಕಡಲು ಸೇರುವ ಅಳಿವೆಯಲ್ಲಿ ಗುರುತಿಗೆ ಕಟ್ಟಿದ ಒಂದು ಕೆಂಪು ಬೋಯಿ ತೇಲುತ್ತದೆ, ನಮ್ಮ ದೋಣಿಯ ಗಡಿ ಅಲ್ಲಿಗೆ ಮುಗಿಯಿತು. ನೀರು ಇಳಿಯುವ ಮೊದಲು ಕಾಲುವೆಗೆ ಅಡ್ಡ ಬಲೆ ಕಟ್ಟುತ್ತೇವೆ. ಇಳಿಯುವ ನೀರಿನ ಜೊತೆ ಮೀನು ಬಂದು ಬಲೆಗೆ ಬೀಳುತ್ತವೆ. ಬಕೆಟ್ಟಿಗೆ ಹಾಕಿ, ಹೆಸರು ಕೂಗಿ, ಅಳೆದು, ಜೀವಂತ ಬಿಟ್ಟುಬಿಡುತ್ತೇವೆ. ಎಷ್ಟು ಜಾತಿ ಇವೆ, ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು, ಇಷ್ಟೇ ನನ್ನ ಕೆಲಸ. ಮೈಯೊಳಗಿನ ಮುಳ್ಳೆಲ್ಲ ಕಾಣುವ ಗಾಜಿನಂಥ ಮೀನುಗಳಿವೆ, ಕೆಸರಿನ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸುವವಿವೆ. ಅವುಗಳಲ್ಲಿ ಒಂದು ಪಟ್ಟೆ ಮೀನು. ಅಂಗೈಯುದ್ದ, ಕಂದು ಮೈಮೇಲೆ ಬಿಳಿ ಪಟ್ಟೆ, ಕಣ್ಣಿನ ಕೆಳಗೆ ಕಾಡಿಗೆ ತೀಡಿದಂತೆ ಒಂದು ನೀಲಿ ಗೆರೆ.

ನಾನು ಕೆಲಸಕ್ಕೆ ಸೇರುವ ಮೊದಲೇ ಅದು ನಮ್ಮ ಪಟ್ಟಿಯಲ್ಲಿ ಸ್ವಂತ ಹೆಸರು ಪಡೆದು ಕೂತಿತ್ತು. ಪ್ರತಿ ವರ್ಷದ ವರದಿಯಲ್ಲೂ ಅದರ ಮುಂದೆ ನಾನು ಒಂದೇ ಮಾತು ಬರೆಯುತ್ತಿದ್ದೆ: ಮರಿಗಳು ಯಥೇಚ್ಛ, ಬೆಳೆದ ಮೀನು ಕಂಡುಬಂದಿಲ್ಲ, ಆತಂಕಕಾರಿ. ಸಾಹೇಬರು ಆ ಆತಂಕಕ್ಕೆ ಸಹಿ ಹಾಕಿ ಮೇಲಕ್ಕೆ ಕಳಿಸುತ್ತಿದ್ದರು. ಮೇಲಿನವರೂ ಆತಂಕಪಟ್ಟು ಕಡತ ಮುಚ್ಚುತ್ತಿದ್ದರು.

ಕಳೆದ ವರ್ಷ ಮಳೆ ನಿಂತಮೇಲೆ ಚಿನಕುರುಳಿ ಹಟ ಹಿಡಿದು ಒಂದು ಪಟ್ಟೆ ಮೀನನ್ನು ಕಚೇರಿಯ ಗಾಜಿನ ತೊಟ್ಟಿಯಲ್ಲಿ ಸಾಕಿಕೊಂಡಳು. ಸಾಹೇಬರು ಮೊದಲು ಬೇಡವೆಂದರು. ಆಮೇಲೆ ಅವರೇ ಬಾಗಿಲು ಹಾಕಿಕೊಂಡು ಅದರ ಜೊತೆ ಮಾತನಾಡುತ್ತಿದ್ದುದನ್ನು ನಾವೆಲ್ಲ ಕೇಳಿಸಿಕೊಂಡಿದ್ದೇವೆ. ಶಾಲೆ ಬಿಟ್ಟ ತಕ್ಷಣ ಇವಳು ಓಡಿ ಬಂದು ಅದಕ್ಕೆ ಸಿಗಡಿಯ ಚೂರು ಹಾಕುತ್ತಿದ್ದಳು. ಜ್ವರ ಬಂದು ಒಂದಿಷ್ಟು ದಿನ ಮನೆಯಲ್ಲೇ ಮಲಗಿದ್ದಳು. ಎದ್ದು ಬಂದವಳೇ ತೊಟ್ಟಿಯ ಮುಂದೆ ನಿಂತು ಕಚೇರಿ ಹಾರಿಹೋಗುವ ಹಾಗೆ ಕಿರುಚಿದಳು: "ನನ್ನ ಮೀನನ್ನ ಯಾರೋ ಬದಲಾಯಿಸಿದ್ದಾರೆ! ಇದು ನಂದಲ್ಲ!"

ನೋಡಿದರೆ ಹೌದು, ಪಟ್ಟೆ ಹೆಚ್ಚುಕಡಿಮೆ ಮಾಸಿಹೋಗಿತ್ತು. ಕಣ್ಣಿನ ಕೆಳಗಿನ ಗೆರೆ ಅಳಿಸಿತ್ತು. ಮೈ ಕೆಂಪಗಾಗುತ್ತಿತ್ತು. ದಿನಾ ನೋಡುತ್ತಿದ್ದ ನಮಗೆ ಯಾರಿಗೂ ಅದು ಗೊತ್ತಾಗಿರಲಿಲ್ಲ. ಹೊಸದಾಗಿ ಬಂದ ಅಧಿಕಾರಿಣಿ, ದಪ್ಪ ಕನ್ನಡಕದಿಂದಾಗಿ ನಾವೆಲ್ಲ ಬೆನ್ನ ಹಿಂದೆ ಸೋಡಾಬುಡ್ಡಿ ಮೇಡಂ ಅನ್ನುವವರು, ತೊಟ್ಟಿಗೆ ಮೂಗು ತಾಗಿಸಿ ನಿಂತರು. ಆಮೇಲೆ ಕಡಲಿನ ಕೆಂಪು ಮೀನಿನ ಚಿತ್ರ ತಂದು ಪಕ್ಕದಲ್ಲಿ ಹಿಡಿದರು. ಆ ದೊಡ್ಡ ಕೆಂಪು ಮೀನನ್ನು ನಾವು ಮಾರುಕಟ್ಟೆಯಲ್ಲಿ ಬೇಕಾದಷ್ಟು ಕೊಂಡಿದ್ದೇವೆ. ನಮ್ಮ ಕಾಲುವೆಗೂ ಅಪರೂಪಕ್ಕೆ ಒಂದು ಬರುತ್ತಿತ್ತು, ಪಟ್ಟಿಯಲ್ಲಿ ಅದಕ್ಕೆ ಬೇರೆ ಸಾಲು. ಈ ಎರಡೂ ಒಂದೇ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಮರಿ ಇಲ್ಲಿ ಬೇರುಗಳ ನಡುವೆ ಬೆಳೆಯುತ್ತದೆ. ಬೆಳೆದ ಮೇಲೆ ಬೋಯಿ ದಾಟಿ ಹೋಗುತ್ತದೆ. ನಮ್ಮ ದೋಣಿ ಬೋಯಿಯಿಂದ ಹಿಂದೆ ತಿರುಗುತ್ತದೆ. ಅದು ಪಟ್ಟೆ ಬಿಟ್ಟು ಕೆಂಪಾಗುವುದು ಹೊರಗೆ, ನಾವು ಇರುವುದು ಒಳಗೆ. ಬಂದುಹೋದ ಸಾಹೇಬರುಗಳೂ ನಾವೂ ಸೇರಿ ತಾಯಿಗೊಂದು ಮರಿಗೊಂದು ಹೆಸರಿಟ್ಟು, ಎರಡು ಜಾತಿ ಎಂದು ಎಣಿಸಿಕೊಂಡು ಕೂತಿದ್ದೆವು. ತಾಯಿ ಎಲ್ಲಿ ಎಂದು ಆತಂಕ ಬೇರೆ!

ಇಲ್ಲಿಗೆ ನಿಲ್ಲಿಸುತ್ತೇನೆ. ಚಿನಕುರುಳಿ ಪಕ್ಕದ ಮನೆಯಿಂದ ಬಂದಳು. ಯಾರಿಗೆ ಬರೆಯುತ್ತಿದ್ದೀಯ ಎಂದು ಭುಜದ ಮೇಲೆ ಗಲ್ಲ ಊರಿ ನಿಂತಿದ್ದಾಳೆ. ಕೂಡಿಸಿ ಓದಲು ಬರುತ್ತದೆ ಇವಳಿಗೆ.

ಗುರುವಾರ ಸಂಜೆ

ಮತ್ತೆ ಕೂತಿದ್ದೇನೆ. ಮೀನಿಗೂ ಮಗುವಿಗೂ ಹೋಲಿಕೆ ಕಟ್ಟಿ ಉತ್ತರ ಊಹಿಸಿಕೊಂಡು ನೀನು ಅಳಲು ಶುರು ಮಾಡಿದ್ದರೆ ಕಣ್ಣೊರೆಸಿಕೋ. ನನಗೂ ಆ ಹೋಲಿಕೆ ಕಾಣದೆ ಇಲ್ಲ. ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಮೀನಿಗೆ ತಲೆ ಬಾಚುವವರು ಯಾರೂ ಇಲ್ಲ.

ಸೋಮವಾರ ಪಟ್ಟಿ ತಿದ್ದುವ ಸಭೆ ಇತ್ತು. ಸಾಹೇಬರು ಮುಖ ಸಣ್ಣ ಮಾಡಿಕೊಂಡಿದ್ದರು. "ಒಂದು ಜಾತಿ ಕಡಿಮೆ ಆಯ್ತು ಅಂತ ಬರೆದ್ರೆ, ಮೇಲಿನವರು ಒಂದು ಜಾತಿ ಸತ್ತೋಯ್ತು ಅಂತ ಓದ್ತಾರೆ. ಕಾಪಾಡೋಕೆ ಇಟ್ಟವರೇ ಕಳೆದುಬಿಟ್ರಾ ಅಂತ ಕೇಳ್ತಾರೆ. ಹೇಗಿದೆಯೋ ಹಾಗೇ ಇರಲಿ ಬಿಡಿ, ಯಾರಿಗೇನು ತೊಂದರೆ?" ಎಂದರು. ಸೋಡಾಬುಡ್ಡಿ ಮೇಡಂ ಏನೋ ಹೇಳಲು ಬಾಯಿ ತೆರೆದು, ಇದು ನಿಮ್ಮ ಪಟ್ಟಿ, ನೀವೇ ಹೇಳಿ ಎಂದು ನನ್ನ ಕಡೆ ನೋಡಿದರು.

ಹೇಗಿದೆಯೋ ಹಾಗೇ ಇರಲಿ. ನಿಜ ಹೇಳುತ್ತೇನೆ, ಆ ಮಾತು ನನಗೆ ಬಹಳ ಹಿತವಾಯಿತು. ನಿನ್ನ ಪತ್ರ ಬಂದಾಗಿನಿಂದ ನಾನು ಹುಡುಕುತ್ತಿದ್ದುದು ಆ ಮಾತನ್ನೇ. ಯಾರಿಗೇನು ತೊಂದರೆ? ನೀನೇ ಬರೆದಿದ್ದೆಯಲ್ಲ, ಬೇಡ ಅಂದರೆ ಇನ್ನೊಂದು ಸಲ ಕೇಳುವುದಿಲ್ಲ ಎಂದು. ಬೇಡ ಎನ್ನುವುದು ಎರಡೇ ಅಕ್ಷರ. ಬರೆದು ಅಂಚೆಗೆ ಹಾಕಿದರೆ ಸಾಕಿತ್ತು, ಚಿನಕುರುಳಿ ನನ್ನ ಮಗಳಾಗಿಯೇ ಮದುವೆಯ ವಯಸ್ಸಿಗೆ ಬರುತ್ತಿದ್ದಳು, ನೀನು ಅಳತೆ ತಪ್ಪಿದ ಫ್ರಾಕ್ ತರುತ್ತಿದ್ದೆ.

ಸಾಹೇಬರಿಗೆ ನಾನು ಏನು ಹೇಳಬೇಕೆಂದುಕೊಂಡಿದ್ದೆನೋ ಗೊತ್ತಿಲ್ಲ. ಬಾಯಿಂದ ಬಂದದ್ದು ಇಷ್ಟು: "ಇಲ್ಲ ಸಾರ್, ಸತ್ತಿಲ್ಲ. ಇರೋದು ಒಂದೇ ಅಂತ ಬರೀತೀನಿ. ಮರಿ ಚೆನ್ನಾಗಿದೆ, ತಾಯಿ ಹೊರಗಿದೆ ಅಂತ ಬರೀತೀನಿ." ಪಟ್ಟೆ ಮೀನಿನ ಸಾಲಿಗೆ ನಾನೇ ಗೆರೆ ಎಳೆದೆ. ಆತಂಕಕಾರಿ ಎಂಬ ಮಾತಿನ ಮೇಲೂ ಎಳೆದೆ. ಸ್ಕೇಲು ಇಟ್ಟೇ ಎಳೆದೆ. ಆಗಲೂ ಏನೂ ಅನ್ನಿಸಲಿಲ್ಲ. ಊಟದ ಡಬ್ಬಿ ತೆರೆದು, ಊಟ ಮಾಡಿ, ಕೈ ತೊಳೆದೆ.

ಮಂಗಳವಾರ ತೊಟ್ಟಿಯ ಮೀನನ್ನು ಬಿಡಲು ಹೋದೆವು. ಅದಕ್ಕೆ ತೊಟ್ಟಿ ಸಾಲುತ್ತಿರಲಿಲ್ಲ. ತಿರುಗಲು ಜಾಗವಿಲ್ಲದೆ ಗಾಜಿಗೆ ಮೂತಿ ಉಜ್ಜಿ ಉಜ್ಜಿ ಅಲ್ಲಿ ಹುಣ್ಣಾಗಿತ್ತು. ಚಿನಕುರುಳಿ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಆ ಹುಣ್ಣು ನೋಡಿ ಅವಳೇ ಬಕೆಟ್ ತಂದಳು. ದೋಣಿಮಾವ ಬೋಯಿಯ ತನಕ ಕರೆದುಕೊಂಡು ಹೋದರು. ಇವಳು ಬಕೆಟ್ ಬಗ್ಗಿಸಿದಳು. ಮೀನು ಒಂದು ಗಳಿಗೆ ದೋಣಿಯ ನೆರಳಿನಲ್ಲೇ ನಿಂತಿತು, ಆಮೇಲೆ ಕಾಣಲಿಲ್ಲ. ಅದರ ಅಮ್ಮನಿಗೆ ಅದರ ಗುರುತು ಸಿಗುತ್ತದಾ ಎಂದು ಇವಳು ಕೇಳಿದಳು. ಮೀನಿಗೆ ಅದೆಲ್ಲ ಇಲ್ಲ ಕಣೇ, ಮೊಟ್ಟೆ ಇಟ್ಟು ಹೋಗಿಬಿಡುತ್ತವೆ ಎಂದೆ. ಇವಳಿಗೆ ಅದು ಹಿಡಿಸಲಿಲ್ಲ. ದೋಣಿಮಾವನ ಕಡೆ ತಿರುಗಿ, "ಅಮ್ಮ ಸುಮ್ನೆ ಹೇಳ್ತಾಳೆ, ಸಿಗತ್ತೆ ಅಲ್ವಾ ಮಾವ?" ಎಂದು ನಕ್ಕಳು.

ನಗುವಾಗ ಅವಳ ಕೆಳತುಟಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಯಾವಾಗಿನಿಂದ ಎಂದು ಕೇಳಿದರೆ ಹೇಳಲಾರೆ, ದಿನಾ ನೋಡುವವಳು ನಾನು. ಅದು ನಿನ್ನ ತುಟಿ. ಚಿಕ್ಕಂದಿನಲ್ಲಿ ಕನ್ನಡಿಯ ಮುಂದೆ ನಿಂತು ನೇರ ಮಾಡಲು ನೋಡುತ್ತಿದ್ದೆಯಲ್ಲ, ಅದೇ. ಇವಳ ಮುಖದೊಳಗಿಂದ ನೀನು ಎದ್ದು ಬರುತ್ತಿದ್ದೀಯ, ನಾನು ಏನು ಮಾಡಲಿ ಹೇಳು.

ಅಲ್ಲೇ ಹೇಳಿಬಿಟ್ಟೆ. ದೋಣಿಮಾವ ಎಂಜಿನ್ ನೋಡುವ ನೆಪ ಮಾಡಿ ಆ ಕಡೆ ತಿರುಗಿಕೊಂಡರು. ಚಿಕ್ಕಮ್ಮ ಅನ್ನುತ್ತೀಯಲ್ಲ, ಅವಳ ಹೊಟ್ಟೆಯಲ್ಲಿ ನೀನು ಹುಟ್ಟಿದ್ದು, ಅವಳಿಗೆ ಮೈ ಹುಷಾರಿರಲಿಲ್ಲ, ಅದಕ್ಕೆ ನಾನು ಸಾಕಿದೆ, ಈಗ ಅವಳಿಗೆ ವಾಸಿಯಾಗಿದೆ, ನಿನ್ನನ್ನು ಕರೆಯುತ್ತಿದ್ದಾಳೆ ಎಂದೆ. ಅಳುತ್ತಾಳೆ ಎಂದು ಕಾದೆ. ಬಕೆಟ್ಟನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆರಳಲ್ಲಿ ಬಾರಿಸುತ್ತಾ ಕೂತಳು. ಆಮೇಲೆ ಒಂದೊಂದೇ ಪ್ರಶ್ನೆ. ಅಲ್ಲಿ ಕೆಸರಿದೆಯಾ? ಚಿಕ್ಕಮ್ಮನಿಗೆ ಮತ್ತೆ ಹುಷಾರು ತಪ್ಪುತ್ತಾ? ತಪ್ಪಿದರೆ ಇಲ್ಲಿಗೆ ಬರಬಹುದಾ? ಬರಬಹುದು ಎಂದೆ. ತಪ್ಪದೇ ಇದ್ದರೂ ಬರಬಹುದಾ ಎಂದಳು. ರಜೆಗೆಲ್ಲ ಬಾ ಎಂದೆ. ದಡ ಸೇರುವಾಗ ಕೊನೆಯದು ಬಂತು: "ಚಿಕ್ಕಮ್ಮ ಅಮ್ಮ ಆದ್ರೆ, ನೀನು ಏನಾಗ್ತೀಯ?"

ಅಮ್ಮನ ಅಕ್ಕನನ್ನು ದೊಡ್ಡಮ್ಮ ಅನ್ನುತ್ತಾರೆ ಎಂದು ಹೇಳಿಕೊಟ್ಟೆ. ಅವಳು ಅದನ್ನು ಬಾಯಲ್ಲೇ ಒಂದು ಸಲ ಹೇಳಿಕೊಂಡಳು. ನನಗೆ ಕೇಳಿಸಲಿಲ್ಲ, ತುಟಿ ಅಲ್ಲಾಡಿದ್ದು ಕಂಡಿತು.

ಹಾಗಾಗಿ, ಮೊದ್ದುಮಣಿ, ರಜೆ ಶುರುವಾದ ದಿನವೇ ಬಾ. ಕರೆದುಕೊಂಡು ಹೋಗು. ಆದರೆ ಆ ಸಣ್ಣ ಅಕ್ಷರದಲ್ಲಿ ಬರೆದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಮೇಲಿನ ಕನಿಕರಕ್ಕೆ ಬರೆದೆ ಎಂದು ಗೊತ್ತು. ಒಂದೇ ಮನೆಯಲ್ಲಿದ್ದು ಹೆತ್ತವಳನ್ನು ಚಿಕ್ಕಮ್ಮ ಎಂದು ಕರೆದುಕೊಂಡು ಆ ಮಗು ಎಷ್ಟು ವರ್ಷ ಓಡಾಡಬೇಕು? ನಿನ್ನನ್ನು ಅಮ್ಮ ಎಂದೇ ಕರೆಯಲಿ. ತಕ್ಷಣ ಬಾಯಿಗೆ ಬರಲಿಕ್ಕಿಲ್ಲ, ಮುಖ ಊದಿಸಿಕೊಳ್ಳಬೇಡ.

ಅವಳ ಮೇಲಿನ ಹಲ್ಲು ಅಲ್ಲಾಡುತ್ತಿದೆ, ನೀನು ಕೀಳಲು ಹೋಗಬೇಡ, ಅವಳೇ ಕೀಳುತ್ತಾಳೆ. ಹಾಲಿನ ಕೆನೆ ಕಂಡರೆ ಲೋಟವನ್ನೇ ದೂಡುತ್ತಾಳೆ. ಮಲಗುವಾಗ ನಿನ್ನ ಕಿವಿಯ ತುದಿ ಹಿಡಿದುಕೊಳ್ಳುತ್ತಾಳೆ, ಓಲೆ ತೆಗೆದಿಟ್ಟು ಮಲಗು. ಸಿಟ್ಟು ಬಂದರೆ ಮಂಚದ ಕೆಳಗೆ ಹೋಗಿ ಕೂರುತ್ತಾಳೆ, ಕರೆಯಬೇಡ, ನೀನೂ ನೆಲದ ಮೇಲೆ ಕೂತು ಏನಾದರೂ ಹೊಲಿಯುತ್ತಿರು, ತಾನಾಗಿ ಬರುತ್ತಾಳೆ. ಈ ಸಲದ ಫ್ರಾಕನ್ನು ನಾಲ್ಕು ಬೆರಳು ಉದ್ದ ಹೊಲಿ. ಅಥವಾ ಬೇಡ, ಇನ್ನು ಅಳತೆ ನಿನ್ನ ಕಣ್ಣೆದುರೇ ಇರುತ್ತದೆ.

ನನ್ನ ಬಗ್ಗೆ ಚಿಂತೆ ಮಾಡಬೇಡ. ನನಗೇನೂ ಆಗಿಲ್ಲ. ಕೈಯ ಗಾಯವೂ ಮಾಯುತ್ತಿದೆ. ಮುಂದಿನ ವಾರದಿಂದ ಹೊಸ ಸಮೀಕ್ಷೆ, ಬೆಳಿಗ್ಗೆ ಬೇಗ ಹೊರಡಬೇಕು. ಒಬ್ಬಳಿಗೇ ಆದರೆ ಡಬ್ಬಿ ಕಟ್ಟುವುದೂ ಸುಲಭ.

ಇಷ್ಟು ಬರೆದು ಮುಗಿಸಿದ,
ನಿನ್ನ ಅಕ್ಕ

ಮರೆತದ್ದು: ಲಕೋಟೆಗೆ ವಿಳಾಸ ಬರೆಯುತ್ತಿದ್ದಾಗ ಬಚ್ಚಲಿನಿಂದ, "ದೊಡ್ಡಮ್ಮಾ, ಟವೆಲ್ಲು!" ಎಂದು ಯಾರೋ ಕೂಗಿದರು. ಪಕ್ಕದ ಮನೆಯಲ್ಲಿ ಎಂದುಕೊಂಡು ಬರೆಯುತ್ತಲೇ ಇದ್ದೆ. ಮತ್ತೆ ಕೂಗು. ಮೂರನೇ ಸಲ, "ನಿನ್ನನ್ನೇ ಕರೀತಿರೋದು, ಕಿವಿ ಕೇಳಲ್ವಾ? ಪ್ರಾಕ್ಟೀಸ್ ಮಾಡ್ತಿದೀನಿ!" ಎಂದಮೇಲೆ ಎದ್ದು ಹೋಗಿ ಟವೆಲ್ ಕೊಟ್ಟು ಬಂದೆ. ಲಕೋಟೆಯ ಮೇಲೆ ನೀರು ಬಿದ್ದು ನಿನ್ನ ಮನೆಯ ನಂಬರು ಹರಡಿಹೋಗಿದೆ. ಅವಳು ಎರಚಿದ ನೀರು ಅಂದುಕೋ.